ರಾಹುಕಾಲದ ರಿಸ್ಟೋರ್ ಪಾಯಿಂಟು

ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡೋನ ಹಣೆಬರಹ ಇಷ್ಟೇ: ಯಂತ್ರ ಸರಿಮಾಡೋಕೆ ಹತ್ತು ನಿಮಿಷ, ಮನೆಯವರಿಗೆ ಸಮಾಧಾನ ಮಾಡೋಕೆ ಅರ್ಧ ದಿನ. ಬನಶಂಕರಿಯಿಂದ ಬನ್ನೇರುಘಟ್ಟ ರಸ್ತೆವರೆಗೆ ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿ ಸೊಂಟ ಹೋಯ್ತು, ಈ ಲೆಕ್ಕ ಮಾತ್ರ ಬದಲಾಗಲಿಲ್ಲ. ಈಗೀಗ ಹೋದ ಮನೆಯಲ್ಲೆಲ್ಲ ಒಂದು ರಿಸ್ಟೋರ್ ಪಾಯಿಂಟ್ ಹಾಕಿ ಬರ್ತೀನಿ. ಅಂದ್ರೆ, ಕಂಪ್ಯೂಟರ್ ಚೆನ್ನಾಗಿರೋ ದಿನ ಒಂದು ಗುರುತು ಇಟ್ಟುಕೊಳ್ಳೋದು, ಕೆಟ್ಟ ದಿನ ಆ ಗುರುತಿಗೆ ವಾಪಸ್ ಹೋಗೋದು. ನನ್ನ ಓಡಾಟ ಕಮ್ಮಿಯಾಗಲಿ ಅಂತ ಶುರುಮಾಡಿದ್ದು. ಜಾಸ್ತಿಯಾಯ್ತು.

೧. ಒಳ್ಳೆ ಗಳಿಗೆ

ಗೊಟ್ಟಿಗೆರೆಯಲ್ಲಿ ಒಬ್ಬ ಯಜಮಾನರು. ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಕಿರಿ ಮಗಳ ಮದುವೆ ಗೊತ್ತಾಗಿತ್ತು. ಕರೆಯಬೇಕಾದವರ ಪಟ್ಟಿಯನ್ನ ಊರೂರು ವಿಂಗಡಿಸಿ ಕಂಪ್ಯೂಟರಿಗೆ ಹಾಕ್ತಿದ್ರು. ಒಂದು ಹೆಸರು ಬಿಟ್ಟುಹೋದರೂ ಆ ಮನೆಯವರು ಜನ್ಮದಲ್ಲಿ ಇವರ ಹೊಸಲು ತುಳಿಯಲ್ಲ. ಅದಕ್ಕೇ ಯಂತ್ರಕ್ಕೆ ಏನೂ ಆಗಬಾರದು ಅಂತ ನನ್ನ ಕರೆಸಿದ್ದು.

ನಾನು ಹೋಗಿದ್ದು ಮಂಗಳವಾರ ಮೂರು ಗಂಟೆಗೆ. ಮೌಸ್ ಮೇಲೆ ಕೈ ಇಟ್ಟ ತಕ್ಷಣ ಯಜಮಾನರು ತಡೆದರು. ರಾಹುಕಾಲ. ನಾಲ್ಕೂವರೆವರೆಗೆ ಸುಮ್ಮನೆ ಗೋಡೆ ನೋಡ್ಕೊಂಡು ಕೂತೆ. ಆಮೇಲೆ ಪಾಯಿಂಟಿಗೆ ಒಂದು ಹೆಸರು ಕೊಡಬೇಕಲ್ಲ, 'ಶ್ರೀ'ಯಿಂದ ಶುರುಮಾಡಿ ಮನೆದೇವರು, ತಾವು, ಹೆಂಡತಿ, ಮಕ್ಕಳು ಅಂತ ಬರೆಸುತ್ತ ಹೋದರು. ಜಾಗ ತುಂಬಿ ದೊಡ್ಡಳಿಯನ ಹೆಸರು ಅರ್ಧಕ್ಕೇ ನಿಂತಿತು.

"ಇರಲಿ ಬಿಡಪ್ಪಾ, ಅವರು ಯಾವತ್ತೂ ಪೂರ್ತಿ ಬಂದಿದ್ದೇ ಇಲ್ಲ. ಊಟಕ್ಕೆ ಬಂದು ಊಟಕ್ಕೇ ಹೋಗ್ತಾರೆ," ಅಂದರು.

೨. ಓರಗಿತ್ತಿ

ಗಿರಿನಗರದ ಒಬ್ಬ ಆಂಟಿ ಮನೆಯಲ್ಲಿ ಹೊಸ ಪ್ರಿಂಟರ್ ಹಾಕಿದ ಮೇಲೆ ಕಂಪ್ಯೂಟರ್ ಮಂಕಾಗಿತ್ತು. ಹೋದ ತಿಂಗಳು ಹಾಕಿದ ಪಾಯಿಂಟಿಗೆ ವಾಪಸ್ ಹೋಗೋಣ ಅಂದೆ. ಆಂಟಿ ಮುಖ ಸಣ್ಣದಾಯ್ತು. ಮಧ್ಯದಲ್ಲಿ ಓರಗಿತ್ತಿ ಜೊತೆ ಜಗಳವಾಗಿ, ಆಕೆ ಇದ್ದ ಫೋಟೋಗಳನ್ನೆಲ್ಲ ಅಳಿಸಿಹಾಕಿದ್ದರಂತೆ.

"ಹೋದ ತಿಂಗಳಿಗೆ ಹೋದ್ರೆ ಅವಳೂ ವಾಪಸ್ ಬರ್ತಾಳಾ?"

ಇಲ್ಲ ಆಂಟಿ, ಇದು ಯಂತ್ರದ ಸೆಟ್ಟಿಂಗ್ ಮಾತ್ರ ಹಿಂದಕ್ಕೆ ಒಯ್ಯೋದು, ಫೋಟೋ, ಪತ್ರ, ಪಟ್ಟಿ ಯಾವುದನ್ನೂ ಮುಟ್ಟಲ್ಲ, ಇರೋದು ಇರುತ್ತೆ, ಹೋಗಿದ್ದು ಹೋಗೇ ಇರುತ್ತೆ ಅಂತ ಮೂರು ಸಲ ಬಿಡಿಸಿ ಹೇಳಿದೆ. ಆರು ವರ್ಷದಿಂದ ಆ ಮನೆಗೆ ಹೋಗ್ತಿದ್ದೀನಿ. ಅವತ್ತು ಮೊದಲ ಸಲ ಕಾಫಿ ಕೊಟ್ಟರು.

೩. ಕೆಟ್ಟ ಗಳಿಗೆ

ಒಂದು ಶುಕ್ರವಾರ ಬೆಳಿಗ್ಗೆ ಗೊಟ್ಟಿಗೆರೆಯಿಂದ ಫೋನು. ಕಂಪ್ಯೂಟರ್ ಏಳ್ತಿಲ್ಲ, ಪಟ್ಟಿ ಒಳಗೇ ಇದೆ, ನಾಳೆಯಿಂದಲೇ ಕರೆಯೋಕೆ ಹೊರಡಬೇಕು. ಯಜಮಾನರು ಒಂದೇ ಉಸಿರಿಗೆ ಹೇಳಿದರು. ನನಗೂ ಪಾಪ ಅನಿಸಿತು, ತಕ್ಷಣ ಸ್ಕೂಟರ್ ಹತ್ತಿ ಹೋದೆ.

ದೇವರ ಹೆಸರಿನ ಪಾಯಿಂಟ್ ಒತ್ತಿದೆ. ಅರ್ಧ ದಾರಿಗೆ ಹೋಗಿ ಕೈಕೊಟ್ಟಿತು. ಉಳಿದಿದ್ದು ಇನ್ನೊಂದೇ, ಕಂಪ್ಯೂಟರ್ ತಾನೇ ಹಾಕಿಕೊಂಡಿದ್ದು. ಪಕ್ಕದಲ್ಲಿ ದಿನ, ಸಮಯ ಎರಡೂ ಕಾಣ್ತಿತ್ತು: ಮಂಗಳವಾರ, ಮೂರು ನಲವತ್ತು. ಯಜಮಾನರು ಆ ಸಮಯದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಬೇಡ ಅನ್ನೋಕೂ ಆಗಲ್ಲ, ಹೂಂ ಅನ್ನೋಕೂ ಬಾಯಿ ಬರಲ್ಲ. ಇದು ಬಿಟ್ಟರೆ ಡಿಸ್ಕ್ ಬಿಚ್ಚಿ ಒಯ್ಯಬೇಕು, ನಾಲ್ಕು ದಿನ ಹಿಡಿಯುತ್ತೆ ಅಂದೆ.

ಅಡುಗೆಮನೆ ಬಾಗಿಲಿಂದ ಅವರ ಹೆಂಡತಿ ಹೇಳಿದರು: "ನೀವು ನನ್ನ ನೋಡೋಕೆ ಬಂದಿದ್ದು ಬಸ್ಸು ಕೆಟ್ಟು ನಡು ರಾಹುಕಾಲದಲ್ಲೇ. ನಲವತ್ತು ವರ್ಷ ಎಳ್ಕೊಂಡು ಬಂದಿಲ್ವಾ? ಒತ್ತಪ್ಪಾ ನೀನು."

ಒತ್ತಿದೆ. ಕಂಪ್ಯೂಟರ್ ಎದ್ದಿತು. ಪಟ್ಟಿ ಇತ್ತು. ಆಯಮ್ಮ ಕನ್ನಡಕ ಹಾಕ್ಕೊಂಡು ಮೊದಲಿಂದ ಕೊನೆವರೆಗೆ ಓದಿದರು, ಮತ್ತೆ ಮೊದಲಿಂದ ಓದಿದರು. ಆಮೇಲೆ, "ನಮ್ಮಣ್ಣನ ಹೆಸರೇ ಇಲ್ವಲ್ರೀ," ಅಂದರು.

ಯಜಮಾನರು ತಟ್ಟನೆ ನನ್ನ ಕಡೆ ತಿರುಗಿದರು. "ನಾನು ಹೇಳ್ಲಿಲ್ವಾ? ರಾಹುಕಾಲದ ಪಾಯಿಂಟು. ಹೆಸರು ತಿಂದುಹಾಕಿದೆ. ಅಲ್ವೇನಪ್ಪಾ?"

ಗಿರಿನಗರದಲ್ಲಿ ಮೂರು ಸಲ ಬಿಡಿಸಿ ಹೇಳಿದ್ದು ನಾಲಿಗೆ ತುದಿವರೆಗೂ ಬಂತು. ಆ ಮನುಷ್ಯನ ಮುಖ ನೋಡಿದೆ. "ಆಗೋದುಂಟು ಅಮ್ಮಾ," ಅಂದೆ.

ಯಜಮಾನರೇ ಭಾವನ ಹೆಸರನ್ನ ನನ್ನ ಕೈಲಿ, ಪಟ್ಟಿಯ ಮೊಟ್ಟಮೊದಲಿಗೆ ಟೈಪ್ ಮಾಡಿಸಿದರು. ಆಗ ಶುಕ್ರವಾರ ಹನ್ನೊಂದು ಗಂಟೆ, ಸರಿಯಾಗಿ ರಾಹುಕಾಲ. ಯಜಮಾನರು ಗಡಿಯಾರದ ಕಡೆ ತಲೆ ಎತ್ತಲಿಲ್ಲ.