ಎಡಗಣ್ಣಿನ ಕರುಣಾಳು

ನಮ್ಮ ಸಣ್ಣ ಮಾವನವರಷ್ಟು ಕಲ್ಲೆದೆಯ ಮನುಷ್ಯ ಇಡೀ ಬಳ್ಳಾರಿಯಲ್ಲಿ ಸಿಗಲಿಕ್ಕಿಲ್ಲ. ಅವರಷ್ಟು ಕಣ್ಣೀರು ಸುರಿಸಿದವರೂ ಸಿಗಲಿಕ್ಕಿಲ್ಲ! ನನ್ನ ಮಾವನ ತಮ್ಮ ಅವರು. ಸತ್ಯನಾರಾಯಣಪೇಟೆಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಮನೆ. ಅವರ ಎಡಗಣ್ಣು ಹೊತ್ತುಗೊತ್ತಿಲ್ಲದೆ ಸುರಿಯುತ್ತಿತ್ತು. ಬಲಗಣ್ಣು ಮಾತ್ರ ಬಳ್ಳಾರಿಯ ಬೇಸಿಗೆ. ಸ್ವಂತ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಒಂದು ಹನಿ ಇಲ್ಲ!

ಎಡಗಣ್ಣು ಒರೆಸುವುದು ಸಣ್ಣತ್ತೆಯ ಪಾಲಿನ ಕೆಲಸ. ಊಟಕ್ಕೆ ಕೂತರೂ ಗಂಡನ ಎಡಕ್ಕೇ ಕೂಡುವರು. ಮಾತು ನಡೆದಿರುವಂತೆಯೇ ಸೆರಗಿನ ತುದಿ ಹೋಗಿ ಒರೆಸಿ ಬರುವುದು. ಬಸವಣ್ಣ ದೊಡ್ಡವನು, ಒಂದೇ ಕಣ್ಣಿಗೆ ಕೊಟ್ಟ. ಎರಡೂ ಸುರಿದಿದ್ದರೆ ಅತ್ತೆ ಎರಡು ಸೀರೆ ಉಡಬೇಕಾಗುತ್ತಿತ್ತು!

ಒಮ್ಮೆ ಅಕ್ಕಿ ತರಲು ಸಿರುಗುಪ್ಪಕ್ಕೆ ಹೋದರು. ರೈಸ್‌ಮಿಲ್ಲಿನ ದಾರಿ ಕೇಳಲು ನಿಂತ ಮನೆಯಲ್ಲಿ ಅಜ್ಜ ತೀರಿಕೊಂಡಿದ್ದ. ಇವರ ಸುರಿಯುವ ಕಣ್ಣು ಕಂಡಿದ್ದೇ ತಡ, ಯಾರೋ ಕೈಹಿಡಿದು ಒಳಗೊಯ್ದು ಹೆಣದ ತಲೆಯ ಹತ್ತಿರವೇ ಕೂಡಿಸಿದರಂತೆ. "ಅಳಬ್ಯಾಡ್ರಿ ಯಜಮಾನ್ರ, ತುಂಬು ಬಾಳು ಬಾಳಿದ ಜೀವ ಅದು." ಮಾವ ಮಣ್ಣು ಮುಗಿಸಿ ಬರಿಗೈಯಲ್ಲಿ ಬಂದರು. ಅಕ್ಕಿ ಎಲ್ಲಿ ಎಂದರೆ, "ಅಷ್ಟು ಮಂದಿ ಸಮಾಧಾನ ಮಾಡಾಕತ್ತಿದ್ರು, ನಡುವ ಎದ್ದು ಅಕ್ಕಿ ರೇಟು ಕೇಳಾಕ ಆಗ್ತೈತೇನವಾ?" ಎಂದು ನನಗೇ ಜೋರು!

ಕುರುಗೋಡಿನ ಮದುವೆಯದು ಇನ್ನೊಂದು ಕಥೆ. ನಾವು ಗಂಡಿನ ಕಡೆಯವರು. ಅಕ್ಷತೆಯ ಹೊತ್ತಿಗೆ ಮಾವನ ಕಣ್ಣೀರಧಾರೆ ನೋಡಿ ಹುಡುಗಿಯ ತಾಯಿ ಗಾಬರಿ ಬಿದ್ದು, "ಯಾಕ್ರಿ ಬೀಗ್ರ, ಹುಡುಗ ಛಲೋ ಇಲ್ಲೇನ್ರಿ?" ಎಂದುಬಿಟ್ಟಳು!

ಹೀಗಿರಲು ಕಣ್ಣಿನ ಮೂಲೆಯಲ್ಲಿ, ಮೂಗಿಗೆ ಹತ್ತಿಕೊಂಡಂತೆ, ಕಡಲೆಕಾಳಿನಷ್ಟು ಗಂಟೆದ್ದಿತು. ನೋಡನೋಡುತ್ತ ಹುಣಸೆಬೀಜದಷ್ಟಾಗಿ ಕೆಂಪೇರಿತು. ಪಾರ್ವತಿನಗರದ ಕಣ್ಣಿನ ಡಾಕ್ಟರು ಒತ್ತಿ ನೋಡಿ, "ಕಣ್ಣು ಛಲೋ ಐತ್ರಿ, ತಪ್ಪೆಲ್ಲಾ ಮೂಗಿಂದು. ಕಣ್ಣೀರು ಮೂಗಿಗೆ ಇಳಿಯೋ ದಾರಿ ಕಟ್ಟೈತಿ. ಮೂಗಿನ ಡಾಕ್ಟರ ಕಡೆ ದಾರಿ ಮಾಡಿಸ್ಕೊರಿ. ಹಿಂಗ ಬಿಟ್ರ ಕೀವು ಕಣ್ಣಿಗೆ ಇಳಿದು ದೃಷ್ಟಿನೇ ಹೋದೀತು" ಎಂದರು.

ಮಾವ ಕೇಳಬೇಕಲ್ಲ! "ನಮ್ಮ ಮನಿ ಸೋರಿದ್ರ ಪಕ್ಕದ ಮನಿ ಮಾಳಗಿ ಅಗೀತಾರೇನು? ನನ್ನ ಮೂಗಿಗೆ ಏನಾಗೈತಿ? ಈ ವಯಸ್ಸಿನ್ಯಾಗ ಮೂಗು ಕೊಯ್ಸಿಕೊಂಡು ಓಣ್ಯಾಗ ಹೆಂಗ ತಿರುಗಲಿ?" ಈ ಮಾತು ಬಂದದ್ದೂ ಗಡಿಗೆಯೊಳಗಿಂದ ಬಂದಂತೆಯೇ. ಆ ಮೂಗು ಕಟ್ಟಿ ವರ್ಷಗಳಾಗಿದ್ದವು. ನಾನು ಸೀಯಿಸಿದ ಉಪ್ಪಿಟ್ಟನ್ನು ಹೊಗಳಿ ತಿನ್ನುತ್ತಿದ್ದ ಏಕೈಕ ಪುಣ್ಯಾತ್ಮರು ಅವರು. ನಾನೇಕೆ ಚಕಾರ ಎತ್ತಲಿ?

ಮಗ ಹೇಳಿದ, ಮಗಳು ಫೋನಿನಲ್ಲಿ ಅತ್ತಳು. ಮಾವ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಸಣ್ಣತ್ತೆ ಸೆರಗಿನ ತುದಿ ಬಿಡಿಸಿ ತೋರಿಸಿದರು. "ನೋಡ್ರಿ, ಕೀವು. ನೀರಾದ್ರ ಸಾಯೋತನಕ ಒರಸ್ತೀನಿ. ಇದನ್ನ ಒರಸಾಕ ನನಗ ಧೈರ್ಯ ಇಲ್ರಿ."

ಮರುದಿನ ಮಾವ ತಾವೇ ಆಟೋ ಕರೆದರು.

ಮೂಗಿನ ಒಳಗಿಂದಲೇ ಆಪರೇಷನ್ ಆಯಿತು, ಕಟ್ಟಿದ್ದ ಮೂಗನ್ನೂ ಬಿಡಿಸಿದರು. ಹೊರಗೆ ಒಂದು ಗೀರೂ ಇಲ್ಲ, ಓಣಿಯ ಮರ್ಯಾದೆ ಉಳಿಯಿತು. ಕೆಟ್ಟದ್ದು ನನ್ನ ಮರ್ಯಾದೆ: "ಏನವಾ, ಉಪ್ಪಿಟ್ಟು ಹೊತ್ತೈತಿ?"

ಮೊನ್ನೆ ಅಮಾವಾಸ್ಯೆಗೆ ಇಬ್ಬರನ್ನೂ ಊಟಕ್ಕೆ ಕರೆದಿದ್ದೆ. ಅತ್ತೆ ಎಡಕ್ಕೇ ಕೂತರು. ಹೋಳಿಗೆ ಮುರಿಯುತ್ತ ರೂಢಿಯಂತೆ ಸೆರಗೆತ್ತಿದರು. ಕಣ್ಣು ಒಣಗಿತ್ತು. ಕೈ ಅಲ್ಲೇ ನಿಂತಿತು.

"ಇನ್ನ ನನಗ ಇಲ್ಲಿ ಕೆಲಸಿಲ್ಲ ಬಿಡವಾ" ಎಂದು ನಕ್ಕು, ತಟ್ಟೆ ಹಿಡಿದು ನನ್ನ ಕಡೆಗೆ ಬರಲು ಏಳಹೋದರು.

"ಎಲ್ಲಿಗಿ ಹೊಂಟಿ? ಕುಂದ್ರು ಅಲ್ಲೇ!" ಮಾವ ಗದರಿದರು.

ಅತ್ತೆ ಕೂತರು. ತುಪ್ಪ ಬಡಿಸಲು ಬಾಗಿದ ನನಗೆ ಮಾವನ ಇನ್ನೊಂದು ಮಗ್ಗುಲು ಕಂಡಿತು. ಎಡಗಣ್ಣಿಗೆ ಈಗ ದಾರಿಯಾಗಿದೆ, ಅದರ ನೀರು ಒಳಗೇ ಇಳಿದಿರಬೇಕು. ಬಲಗಣ್ಣು ತುಂಬಿ ನಿಂತಿತ್ತು. ಆ ಕಡೆ ಒರೆಸುವವರು ಯಾರೂ ಇರಲಿಲ್ಲ. ಒರೆಸಿ ರೂಢಿ ಇದ್ದವರು ಎಡಕ್ಕಿದ್ದರು, ಅವರಿಗೆ ಅದು ಕಾಣುವಂತಿರಲಿಲ್ಲ.

ತುಪ್ಪ ಬಡಿಸುವ ನೆವದಲ್ಲಿ ನಾನು ಅವರ ಬಲಕ್ಕೆ ಅಡ್ಡ ನಿಂತೆ. ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಡಿಸಿದೆ.