ಯಜಮಾನರ ಮೊಮ್ಮಗಳ ಶರಬತ್ತು

ದೊಡ್ಡವರ ದಡ್ಡತನಕ್ಕೆ ಮಕ್ಕಳ ಹಲ್ಲು ಬಲಿಯಾಗುವುದನ್ನು ನೋಡಬೇಕಿದ್ದರೆ ದೊಡ್ಡಬಳ್ಳಾಪುರದ ದವಾಖಾನೆಯಲ್ಲಿ ನನ್ನ ಪಕ್ಕ ಒಂದು ಬೆಳಿಗ್ಗೆ ನಿಂತರೆ ಸಾಕಿತ್ತು. ನಾನಲ್ಲಿ ಕಾಂಪೌಂಡರ್. ಔಷಧ ಕಲಸುವುದರ ಜೊತೆಗೆ ಹಲ್ಲು ಕೀಳುವುದನ್ನೂ ನನ್ನ ತಲೆಗೇ ಕಟ್ಟಿದ್ದರು. ಯುದ್ಧದ ಕಾಲ, ಸಕ್ಕರೆಗೆ ರೇಷನ್. ಸಿಗದ ವಸ್ತುವಾದ್ದರಿಂದಲೇ ಅದಕ್ಕೆ ಎಲ್ಲಿಲ್ಲದ ಮರ್ಯಾದೆ.

೧. ಮನೆಯವರ ತ್ಯಾಗ

ಮಗ್ಗಗಳ ಯಜಮಾನರೊಬ್ಬರು ಆರು ವರ್ಷದ ಮೊಮ್ಮಗಳನ್ನು ಕರೆತಂದರು. ಮುಂದಿನ ಹಾಲುಹಲ್ಲುಗಳೆಲ್ಲ ಕಪ್ಪಾಗಿ ಸವೆದಿದ್ದವು.

“ಮಗು ಏನು ಕುಡಿಯುತ್ತೆ?”

“ಶರಬತ್ತು ಕಣಪ್ಪಾ. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು, ಅತ್ತರೆ ಇನ್ನೊಂದು.”

“ರೇಷನ್ ಸಕ್ಕರೆ ಸಾಲುತ್ತಾ?”

ಅವರು ಎದೆಯುಬ್ಬಿಸಿದರು. “ನಾವೆಲ್ಲ ಬೆಲ್ಲದ ಕಾಫಿ ಕುಡೀತೀವಿ. ಸಕ್ಕರೆ ಪೂರ್ತಿ ಇವಳಿಗೇ.”

ಒಂದು ಮಗುವಿನ ಹಲ್ಲು ಕೊಳೆಸಲು ಇಡೀ ಮನೆ ವ್ರತ ಹಿಡಿದಿತ್ತು!

೨. ಮಜ್ಜಿಗೆಯ ಗತಿ

ಹಾಲುಹಲ್ಲು ಹೇಗೂ ಬೀಳುತ್ತವೆ. ನನಗೆ ಹೆದರಿಕೆಯಿದ್ದದ್ದು ಹೊಸ ಹಲ್ಲುಗಳದ್ದು. ಅವೂ ಹುಳುಕಾದರೆ ಹುಡುಗಿಗೆ ಜನ್ಮವೆಲ್ಲ ಬೋಡುಬಾಯಿ. “ಶರಬತ್ತು ನಿಲ್ಲಿಸಿ. ರಾಗಿ ಅಂಬಲಿಯೋ ಮಜ್ಜಿಗೆಯೋ ಕೊಡಿ” ಎಂದೆ.

“ಅಂಬಲಿನಾ? ಅದು ನಮ್ಮ ಮಗ್ಗದ ಕೂಲಿಯೋರು ಕುಡಿಯೋದು. ಬೇಕಾದ್ರೆ ಮಜ್ಜಿಗೆ ಕೊಡ್ತೀವಿ” ಎಂದರು ಯಜಮಾನರು, ನನ್ನ ಮೇಲೆ ದಯೆ ತೋರಿಸಿದ ಹಾಗೆ.

ತಿಂಗಳಾಗುವಷ್ಟರಲ್ಲಿ ಹುಡುಗಿಗೆ ಮತ್ತೊಂದು ಹಲ್ಲು ನೋವೆಂದು ಅವಳ ಅಜ್ಜಿ ಬಂದು ದವಾಖಾನೆಗೆಲ್ಲ ಕೇಳುವಂತೆ ಜಗಳ ತೆಗೆದರು. “ನಿನ್ನ ಮಾತು ಕೇಳಿ ಮಜ್ಜಿಗೆ ಕೊಟ್ಟೆ. ಏನು ಬಂತು ಭಾಗ್ಯ?”

“ಅದಕ್ಕೆ ಏನು ಹಾಕಿದ್ರಿ?”

“ಇನ್ನೇನು ಹಾಕ್ತಾರೆ, ಸಕ್ಕರೆ! ಉಪ್ಪು ಹಾಕಿ ಕೊಡೋಕೆ ಅವಳೇನು ಕಳೆ ಕೀಳೋಳಾ?”

೩. ನನ್ನ ಭಾಷಣ

ಶಾಲೆಯ ಮೇಷ್ಟ್ರು ಹಲ್ಲಿನ ಬಗ್ಗೆ ಮಾತಾಡಲು ನನ್ನನ್ನು ಕರೆದರು. ಅಧ್ಯಕ್ಷತೆ ಯಾರದ್ದು? ಅದೇ ಯಜಮಾನರದ್ದು. ಸಿಹಿ ಪಾನೀಯ ಮಕ್ಕಳ ಹಲ್ಲಿಗೆ ಶತ್ರು ಎಂದು ಗಂಟಲು ಹರಿಯುವಂತೆ ಕೂಗಿದೆ. ಯಜಮಾನರೇ ಮೊದಲು ಚಪ್ಪಾಳೆ ತಟ್ಟಿದರು. ಕೂತ ಮೇಲೆ ನೋಡುತ್ತೇನೆ, ಎಲ್ಲಿಂದ ಸಕ್ಕರೆ ಹೊಂದಿಸಿದ್ದರೋ, ಅವರ ಲೆಕ್ಕದಲ್ಲಿ ಮಕ್ಕಳಿಗೆಲ್ಲ ಹಂಡೆ ತುಂಬ ಶರಬತ್ತು! ಮೇಷ್ಟ್ರು ಮೊದಲ ಲೋಟ ನನ್ನ ಕೈಗೇ ಕೊಟ್ಟು, “ಅಷ್ಟೊತ್ತು ಮಾತಾಡಿದ್ರಿ, ಬಾಯಿ ಒಣಗಿರುತ್ತೆ, ತಗೊಳ್ಳಿ” ಎಂದರು.

೪. ಅಜ್ಜಿಯ ಗೆಲುವು

ವರ್ಷ ಕಳೆದ ಮೇಲೆ ಅಜ್ಜಿ ಮೊಮ್ಮಗಳನ್ನು ಬೇಕೆಂದೇ ಕರೆದುಕೊಂಡು ಬಂದರು. “ಬಾಯಿ ತೆಗಿಯೇ, ಈವಯ್ಯ ನೋಡಲಿ.” ಹೊಸ ಹಲ್ಲುಗಳು ಬೆಳ್ಳಗೆ, ಗಟ್ಟಿಯಾಗಿ ಬಂದಿದ್ದವು. ಒಂದರಲ್ಲೂ ಹುಳುಕಿಲ್ಲ. ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಹೊಟ್ಟೆಯೂ ಉರಿಯಿತು.

“ಎಲ್ಲಾ ನಮ್ಮ ಶರಬತ್ತಿನ ಗುಣ! ದಿನಾ ಮಗ್ಗದ ಮನೆಗೆ ತಗೊಂಡು ಹೋಗಿ, ಲೋಟ ಖಾಲಿ ಮಾಡ್ಕೊಂಡೇ ಬರ್ತಾಳೆ” ಎಂದರು ಅಜ್ಜಿ.

ಅದೇ ವಾರ ಅವರ ಮಗ್ಗದ ಮುದುಕ ನೇಕಾರ ಕೆನ್ನೆ ಊದಿಸಿಕೊಂಡು ಬಂದ. ಅಲ್ಲಿಯವರೆಗೆ ಅವನು ಒಂದು ಹಲ್ಲೂ ಕಳೆದುಕೊಂಡವನಲ್ಲ. ಹುಳುಕು ಹಲ್ಲನ್ನು ಕಿತ್ತು ಕೇಳಿದೆ, “ನೀನು ಅಂಬಲಿ ಕುಡಿಯೋನಲ್ವೇನಯ್ಯ?”

“ಈಗಿಲ್ಲ ಸ್ವಾಮಿ. ನನ್ನ ಅಂಬಲಿ ಯಜಮಾನ್ರ ಮೊಮ್ಮಗಳು ಕುಡೀತಾಳೆ. ಅವಳ ಶರಬತ್ತು ನಂಗೆ ಕೊಡ್ತಾಳೆ.”

ನಗು ತಡೆದುಕೊಂಡು ಗದರಿದೆ, “ಇನ್ಮೇಲೆ ಅದನ್ನ ಮುಟ್ಟಬೇಡ.”

ಮುದುಕ ರಕ್ತ ಉಗಿದು, ಕೆನ್ನೆ ಹಿಡಿದುಕೊಂಡು ಅಂದ: “ನಾನು ಬಿಟ್ರೆ ಆ ಮಗೂನೇ ಕುಡೀಬೇಕಲ್ಲ ಸ್ವಾಮಿ!”