ನನ್ನ ಸೀಟಿಗೆ ನಿಲ್ಲದ ಹುಡುಗಿಯರು

ಗಣಿತದ ಮೇಷ್ಟ್ರು ತಪ್ಪಿದರೆ ಅದು ಬೋರ್ಡಿನ ಮೇಲೆ ಆಗುತ್ತದೆ, ಡಸ್ಟರಿನಲ್ಲಿ ಒರೆಸಿದರೆ ಮುಗಿಯಿತು. ಡ್ರಿಲ್ ಟೀಚರ್ ತಪ್ಪಿದರೆ ಬಟ್ಟಬಯಲಿನಲ್ಲಿ, ಕಾಂಪೌಂಡಿನಾಚೆ ನಾಲ್ಕು ಜನ ನಿಂತು ನೋಡುವಾಗಲೇ ತಪ್ಪಬೇಕು. ಕುರುಗೋಡಿನ ನಮ್ಮ ಹೈಸ್ಕೂಲಿನಲ್ಲಿ ನನಗೆ ಇಂಥದು ಆಗುತ್ತಲೇ ಇರುತ್ತದೆ. ವಾರಕ್ಕೊಂದು ಆಗದಿದ್ದರೆ ಹೆಡ್‌ಮಾಸ್ಟರೇ ಕರೆದು, "ಯಾಕ್ರಿ ಮೇಡಂ, ಆರಾಮ ಅದೀರಿಲ್ಲ?" ಎಂದು ಕೇಳುತ್ತಾರೆ. ಆದರೆ ನಮ್ಮ ಹುಡುಗಿಯರು ಬಳ್ಳಾರಿಯ ಕಿವುಡರ ತಂಡದ ಕೋಚ್‌ಗಳ ಹತ್ತಿರ ಬ್ಯಾಸ್ಕೆಟ್‌ಬಾಲ್ ಕಲಿಯಲು ಹೋದ ಆ ಚಳಿಗಾಲದಲ್ಲಿ ಆದದ್ದು ನನ್ನ ಇಡೀ ಸರ್ವೀಸಿಗೆ ಸಾಕಾಗುವಷ್ಟಿದೆ.

ಅಂಕಣದ ಖಾರ

ನಮ್ಮ ಶಾಲೆಯ ಹಿಂದೆ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಕಣವಿದೆ. ಎರಡು ಕಂಬ, ಎರಡು ರಿಂಗು, ಎಲ್ಲ ಸರಿಯಾಗಿಯೇ ಇದೆ. ಅದರ ಮೇಲೆ ಚೆಂಡು ಬಿದ್ದದ್ದಕ್ಕಿಂತ ಮೆಣಸಿನಕಾಯಿ ಬಿದ್ದದ್ದೇ ಹೆಚ್ಚು. ಶಾಲಾ ಸಮಿತಿಯ ಅಧ್ಯಕ್ಷರು ದೊಡ್ಡ ಬೇಸಾಯಗಾರರು. ಸಂಕ್ರಾಂತಿ ಕಳೆಯಿತೆಂದರೆ ಅವರ ಕಾಯಿ ಬಂದು ಅಂಕಣದ ಮೇಲೆ ಮಲಗುತ್ತಿತ್ತು.

"ಸಿಮೆಂಟ್ ನೆಲ, ಸುತ್ತ ಕಾಂಪೌಂಡು. ಆಡು ಬರಂಗಿಲ್ಲ, ಕುರಿ ಬರಂಗಿಲ್ಲ. ಇಂಥಾ ಕಣ ಬಳ್ಳಾರಿ ಜಿಲ್ಲಾದಾಗ ಎಲ್ಲೈತಿ ತೋರಸ್ರಿ ಮೇಡಂ," ಎನ್ನುತ್ತಿದ್ದರು.

ಒಂದು ವರ್ಷ ನಾನೂ ಹಟ ಹಿಡಿದು, ಅರ್ಧ ಅಂಕಣದಲ್ಲಿ ಕಾಯಿ ಇರಲಿ, ಇನ್ನರ್ಧದಲ್ಲಿ ಆಡೋಣವೆಂದು ಹುಡುಗಿಯರನ್ನು ಇಳಿಸಿದೆ. ಚೆಂಡು ಉರುಳಿ ಕಾಯಿಯೊಳಗೆ ಹೋಯಿತು. ತಂದವಳು ಬೆವರು ಒರೆಸಿಕೊಂಡಳು. ಅವಳಿಂದ ಪಾಸ್ ತೆಗೆದುಕೊಂಡವಳು ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಎರಡೂ ತಂಡಗಳು ಗೋಳೋ ಎಂದು ಅಳುತ್ತಿದ್ದವು. ಚೆಂಡು ಮುಟ್ಟಿದ ನಾನೂ ಅಳುತ್ತಿದ್ದೆ. ರಸ್ತೆಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಸೈಕಲ್ ನಿಲ್ಲಿಸಿ ಸಮಾಧಾನ ಹೇಳಿದರು: "ಇಷ್ಟ್ಯಾಕ ಅಳ್ತೀರವ್ವಾ, ಆಟ ಅಂದ ಮ್ಯಾಲ ಸೋಲು ಗೆಲುವು ಇದ್ದಿದ್ದ."

ಆ ಚಳಿಗಾಲದ ಆರಂಭದಲ್ಲಿ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಹೊಸ ರಾಗ ತೆಗೆದರು. "ಆ ಎರಡು ಕಂಬ ಕಿತ್ತುಬಿಟ್ರ ಟ್ರ್ಯಾಕ್ಟರ್ ಸೀದಾ ಒಳಗ ಬರ್ತೈತಿ. ಹೆಂಗೂ ಯಾರೂ ಆಡಂಗಿಲ್ಲ."

ನಮ್ಮ ಹುಡುಗಿಯರಿಗೆ ಊರಲ್ಲಿ ಓಡಾಡಿ ಆಡಲು ಇದ್ದದ್ದು ಅದೊಂದೇ ಜಾಗ. ಎದ್ದು ನಿಂತು, "ಆಡ್ತಾರ್ರಿ! ಆಡೂದಷ್ಟ ಅಲ್ಲ, ಗೆಲ್ತಾರ!" ಎಂದೆ.

ಅಧ್ಯಕ್ಷರು ನಕ್ಕರು. "ಸಂಕ್ರಾಂತಿಯೊಳಗ ಒಂದ ಒಂದು ಮ್ಯಾಚ್ ಗೆದ್ದು ತೋರಸ್ರಿ. ನನ್ನ ಕಾಯಿ ಮತ್ತ ಆ ಕಡಿ ತಲಿ ಹಾಕಂಗಿಲ್ಲ. ಸೋತ್ರ ಕಂಬ ಕೀಳೂದು."

"ಆತ್ರಿ," ಎಂದು ಒಪ್ಪಿಕೊಂಡು ಗತ್ತಿನಿಂದ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ನೆನಪಾಯಿತು, ನಾನು ಖೋಖೋ ಆಡಿದವಳು. ಬ್ಯಾಸ್ಕೆಟ್‌ಬಾಲ್ ನನಗೇ ಬರುವುದಿಲ್ಲ.

ಮೇಡಂಗೆ ಏನಾಗಿದೆ?

ಯಾರೋ ಹೇಳಿದರು: ಬಳ್ಳಾರಿಯಲ್ಲಿ ಅಣ್ಣ ತಂಗಿ ಇಬ್ಬರಿದ್ದಾರೆ, ಇಬ್ಬರಿಗೂ ಕಿವಿ ಕೇಳುವುದಿಲ್ಲ, ಕಿವುಡರ ತಂಡಕ್ಕೆ ಅವರೇ ಕೋಚು. ಭಾನುವಾರ ಯಾವ ಶಾಲೆಯ ಮಕ್ಕಳು ಹೋದರೂ ಸೇರಿಸಿಕೊಂಡು ಕಲಿಸುತ್ತಾರೆ. ಅಣ್ಣ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ, ತಂಗಿ ಬ್ಯಾಂಕಿನಲ್ಲಿ. ನಮಗಿನ್ನೇನು ಬೇಕು? ಹುಡುಗಿಯರನ್ನು ಕಟ್ಟಿಕೊಂಡು ಭಾನುವಾರದ ಮೊದಲ ಬಸ್ಸು ಹತ್ತಿದೆ.

ಅಣ್ಣ ಮೊಬೈಲಿನಲ್ಲಿ ಬರೆದು ತೋರಿಸಿದರು: "ಬನ್ನಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ."

ಅದು ನನಗೆ ಬಿಟ್ಟದ್ದು. ನನ್ನ ಕೊರಳಲ್ಲಿ ತಾಳಿಗಿಂತ ಮೊದಲು ಬಿದ್ದದ್ದು ಸೀಟಿ. ತೆಗೆದು ಊದಿದೆ. ಕುರುಗೋಡಿನಲ್ಲೇ ಕೇಳದ ಹುಡುಗಿಯರು ಬಳ್ಳಾರಿಯಲ್ಲಿ ಕೇಳುತ್ತಾರೆಯೇ? ಒಬ್ಬಳು ಕೂದಲು ಕಟ್ಟುತ್ತಿದ್ದಳು, ಇಬ್ಬರು ಪೇರಲಹಣ್ಣು ತಿನ್ನುತ್ತಿದ್ದರು. ಅಣ್ಣನವರಾದರೂ ಗದರಲಿ ಎಂದು ಅವರ ಬೆನ್ನ ಹಿಂದೆ ನಿಂತು ಇನ್ನೂ ಜೋರಾಗಿ ಊದಿದೆ. ಅವರು ಆರಾಮವಾಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಸಿಟ್ಟಿಗೆ ಊದಿದೆ, ಅವಮಾನಕ್ಕೆ ಊದಿದೆ. ಮುಖ ಕೆಂಪಗಾಗಿ ಕಣ್ಣು ಹೊರಗೆ ಬಂದವು.

ಆಗ ತಂಗಿ ಹೆಗಲ ಮೇಲಿನ ಕೆಂಪು ಟವೆಲ್ ತೆಗೆದು ತಲೆಯ ಮೇಲೆ ಒಂದು ಸಲ ಬೀಸಿದರು. ಅವರ ತಂಡದವರು ಇದ್ದಲ್ಲೇ ನಿಂತರು. ಅವರನ್ನು ನೋಡಿ ನಮ್ಮ ಹುಡುಗಿಯರೂ ಪೇರಲಹಣ್ಣು ಬಾಯಲ್ಲಿಟ್ಟುಕೊಂಡು ಕಲ್ಲಿನಂತೆ ನಿಂತರು. ಒಂದು ಟವೆಲ್ಲು ಮಾಡಿದ ಕೆಲಸವನ್ನು ನನ್ನ ಸೀಟಿ ಇಷ್ಟು ವರ್ಷದಲ್ಲಿ ಮಾಡಿರಲಿಲ್ಲ.

ತಂಗಿ ನನ್ನ ಹತ್ತಿರ ಓಡಿ ಬಂದು, ನೀರಿನ ಬಾಟಲಿ ಕೈಗಿತ್ತು, ನೆರಳಿನಲ್ಲಿ ಕೂಡಿಸಿ, ಬೆನ್ನು ಸವರಿದರು. ಆಮೇಲೆ ಮೊಬೈಲಿನಲ್ಲಿ ಬರೆದು ತೋರಿಸಿದರು: "ಮೇಡಂ, ನಿಮಗೆ ಉಬ್ಬಸ ಇದೆಯಾ?"

ಕಿವಿ ಬೇಕಿಲ್ಲದ ಮಾತು

ಅಣ್ಣ ಕೋಚಿಗೆ ದಯೆ ದಾಕ್ಷಿಣ್ಯ ಇಲ್ಲ. ಮೊದಲು ಓಟ, ಆಮೇಲೆ ಓಟ, ಚೆಂಡು ಕೊನೆಗೆ. ಹುಡುಗಿಯರಿಗೆ ಒಂದೇ ಸಮಾಧಾನ, ಏನು ಬೈದರೂ ಅವರಿಗೆ ಕೇಳುವುದಿಲ್ಲ. ಎರಡನೆಯ ಭಾನುವಾರ ಒಬ್ಬಳು ನಗುನಗುತ್ತಲೇ ಅಂದಳು: "ಕತ್ತಿ ದುಡಿಸಿದಂಗ ದುಡಿಸಾಕತ್ತಾನ ನೋಡಲೇ ಈತ."

ಅಣ್ಣ ಅವಳಿಗಿಂತ ಚೆನ್ನಾಗಿ ನಕ್ಕು, ಮೊಬೈಲ್ ತೆಗೆದು ಬರೆದರು: "ಕತ್ತೆಗಳು ಇನ್ನೂ ಎರಡು ಸುತ್ತು ಓಡಲಿ."

ತುಟಿ ನೋಡಿ ಹಿಡಿಯುತ್ತಾರೆಂದು ಗೊತ್ತಾಯಿತು. ನಮ್ಮವರೇನು ಕಡಿಮೆಯೇ? ಮುಂದಿನ ವಾರ ಬೈಗುಳವನ್ನು ತೆಲುಗಿಗೆ ಬದಲಾಯಿಸಿದರು. ಮತ್ತೆ ಎರಡು ಸುತ್ತು. ಒಬ್ಬಳಿಗೆ ಉರ್ದು ಬರುತ್ತಿತ್ತು, ಅವಳನ್ನು ಮುಂದೆ ಬಿಟ್ಟರು. ಅವಳೂ ಓಡಿದಳು. ಆಮೇಲೆ ತಿಳಿಯಿತು, ಅಣ್ಣ ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಮನೆಯಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಅವರೇ ಬರೆದು ತೋರಿಸಿದರು: "ಮಾತು ಅರ್ಧ ತಪ್ಪುತ್ತದೆ. ಬೈಗುಳ ಮಾತ್ರ ಮೂರು ಭಾಷೆಯಲ್ಲೂ ತಪ್ಪುವುದಿಲ್ಲ."

ಕೊನೆಗೆ ಹುಡುಗಿಯರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬೈಯತೊಡಗಿದರು. ಗೆದ್ದೆವೆಂದುಕೊಂಡರು. ಅಣ್ಣ ಎಲ್ಲರನ್ನೂ ಕರೆದು ಮೊಬೈಲ್ ಹಿಡಿದರು: "ಬಾಯಿ ಮುಚ್ಚಿಕೊಂಡು ಏನು ಮಾತಾಡುತ್ತಾರೆ ಎಂದು ತಿಳಿಯಲು ಕಿವಿಯೂ ಬೇಕಿಲ್ಲ, ಕಣ್ಣೂ ಬೇಕಿಲ್ಲ. ನಾಲ್ಕು ಸುತ್ತು."

ಹೆಡ್‌ಮಾಸ್ಟರ ಹೆಸರು

ಕಿವುಡರು ಒಬ್ಬೊಬ್ಬರ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುತ್ತ ಕೂರುವುದಿಲ್ಲ. ಮನುಷ್ಯನನ್ನು ನೋಡಿದಾಗ ಕಣ್ಣಿಗೆ ಎದ್ದು ಕಂಡದ್ದನ್ನೇ ಹಿಡಿದು ಒಂದು ಕೈಸನ್ನೆ ಮಾಡುತ್ತಾರೆ, ಅದೇ ಹೆಸರು. ಗಲ್ಲದಲ್ಲಿ ಗುಳಿ ಬೀಳುವವಳಿಗೆ ಗಲ್ಲಕ್ಕೆ ಬೆರಳು. ಅಧ್ಯಕ್ಷರ ಮೊಮ್ಮಗಳು ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರ, ಮನೆಯಲ್ಲಿ ತಾತನ ಎದುರು ತುಟಿ ಬಿಚ್ಚುವವಳಲ್ಲ. ಅವಳಿಗೆ ತಲೆಯ ಮೇಲೆ ಎತ್ತಿ ಹಿಡಿದ ಅಂಗೈ. ನನಗೆ ಏನು ಎಂದು ಕೇಳಬೇಡಿ. ತುಟಿಗೆ ಎರಡು ಬೆರಳಿಟ್ಟು ಗಲ್ಲ ಉಬ್ಬಿಸಿದರೆ ಅದು ನಾನು.

ಒಂದು ಭಾನುವಾರ ಹೆಡ್‌ಮಾಸ್ಟರು ನೋಡಲು ಬಂದರು. ಅವರಿಗೆ ಹೊಟ್ಟೆ ಮುಂದೆ, ಪ್ಯಾಂಟು ಕೆಳಗೆ. ನಾಲ್ಕು ಹೆಜ್ಜೆಗೊಮ್ಮೆ ಎರಡೂ ಕೈಯಿಂದ ಮೇಲೆಳೆದುಕೊಳ್ಳದಿದ್ದರೆ ನಡೆಯಲಾಗುವುದಿಲ್ಲ. ಅವರಿಗೆ ಯಾವ ಹೆಸರು ಬಿತ್ತೆಂದು ನಾನು ಹೇಳಬೇಕಿಲ್ಲ. ಸೋಮವಾರದ ಹೊತ್ತಿಗೆ ಶಾಲೆಯ ಮಕ್ಕಳೆಲ್ಲ ಅವರನ್ನು ಕಂಡಕೂಡಲೇ ಸೊಂಟಕ್ಕೆ ಎರಡೂ ಕೈ ಹಚ್ಚಿ ಮೇಲಕ್ಕೆಳೆಯುತ್ತಿದ್ದರು.

"ಏನ್ರಿ ಮೇಡಂ ಅದು?" ಎಂದು ಕೇಳಿದರು.

ನನ್ನ ಬಾಯಿಗೆ ಬಂದದ್ದು, "ನಮಸ್ಕಾರ ರೀ ಸರ, ಅವರ ಪದ್ಧತ್ಯಾಗ."

ಹೆಡ್‌ಮಾಸ್ಟರು ಕಲಿಯುವುದರಲ್ಲಿ ಮುಂದು. ಅದೇ ವಾರ ಬಳ್ಳಾರಿಯಿಂದ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದರು. ಇವರು ಗೇಟಿನ ತನಕ ಹೋಗಿ, ಎದೆಯುಬ್ಬಿಸಿ ನಿಂತು, ಅವರ ಮುಖವನ್ನೇ ನೋಡುತ್ತ ಪ್ಯಾಂಟು ಮೇಲೆಳೆದರು. ಅಧಿಕಾರಿ ಗಾಬರಿಯಿಂದ ಕೆಳಗೆ ನೋಡಿಕೊಂಡು ತಮ್ಮ ಪ್ಯಾಂಟು ಮೇಲೆಳೆದುಕೊಂಡರು. ಮರುನಮಸ್ಕಾರ ಬಂತೆಂದು ಇವರು ಇನ್ನೊಂದು ಸಲ ಎಳೆದರು. ಅವರು ಬೆಲ್ಟನ್ನೂ ಬಿಗಿ ಮಾಡಿಕೊಂಡರು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದೆ.

ಹೊರಡುವಾಗ ಅಧಿಕಾರಿ ಮೆಚ್ಚಿ ಹೇಳಿದರು: "ನಿಮ್ಮ ಸಾಲ್ಯಾಗ ಬಟ್ಟಿ ಬರಿ ಕಡಿ ಭಾಳ ಲಕ್ಷ್ಯ ಕೊಡ್ತೀರಿ ಬಿಡ್ರಿ."

ಟವೆಲ್ ಎಲ್ಲಿ?

ಡಿಸೆಂಬರಿನಲ್ಲಿ ಬಳ್ಳಾರಿಯ ಒಂದು ಶಾಲೆಯ ಜೊತೆ ಅಭ್ಯಾಸಕ್ಕೆಂದು ಪಂದ್ಯ ಆಡಿಸಿದೆವು. ನಮ್ಮವರು ಓಡುವುದೇನು, ಪಾಸ್ ಕೊಡುವುದೇನು! ನನಗೇ ಕಣ್ಣು ತುಂಬಿ ಬಂತು. ಆಗ ರೆಫ್ರಿ ಸೀಟಿ ಊದಿದರು. ಆ ತಂಡ ನಿಂತಿತು. ನಮ್ಮವರು ನಿಲ್ಲಲಿಲ್ಲ. ತಡೆಯುವವರಿಲ್ಲದ ಅಂಕಣದಲ್ಲಿ ಚೆಂಡು ತೆಗೆದುಕೊಂಡು ಹೋಗಿ ಬುಟ್ಟಿಗೆ ಹಾಕಿ, ಎರಡೂ ಕೈ ಮೇಲೆತ್ತಿ ಅಂಗೈ ತಿರುಗಿಸಿ ಕುಣಿದರು. ಕಿವುಡರ ಚಪ್ಪಾಳೆ ಅದು. ರೆಫ್ರಿ ಮತ್ತೆ ಊದಿದರು. ಇವರು ಮತ್ತೊಂದು ಹಾಕಿದರು.

ರೆಫ್ರಿ ಒಳ್ಳೆಯ ಮನುಷ್ಯ. ಇದು ಕಿವುಡ ಮಕ್ಕಳ ತಂಡವೆಂದು ತಿಳಿದು, ಮಂಡಿಯೂರಿ ಕೂತು, ಸೀಟಿ ತೋರಿಸಿ, ಗಲ್ಲ ಉಬ್ಬಿಸಿ, ಕೈ ಅಡ್ಡ ಮಾಡಿ, ತುಂಬ ಪ್ರೀತಿಯಿಂದ ಅಭಿನಯಿಸಿ ತಿಳಿಸಿದರು. ಜೇಬಿನಿಂದ ಚಾಕೊಲೇಟನ್ನೂ ಹಂಚಿದರು. ಹುಡುಗಿಯರು ಎಲ್ಲವನ್ನೂ ತಿಂದು ಮುಗಿಸಿದ ಮೇಲೆ ಅಧ್ಯಕ್ಷರ ಮೊಮ್ಮಗಳು ಮೆಲ್ಲಗೆ ಅಂದಳು: "ಸರ, ನಮಗ ಕಿವಿ ಕೇಳಸ್ತಾವ್ರಿ."

ರೆಫ್ರಿ ಹಾರಿಬಿದ್ದರು. "ಮತ್ತ ಸೀಟಿ ಊದಿದ್ರ ಯಾಕ ನಿಲ್ಲಂಗಿಲ್ಲ?"

"ನೀವು ಟವೆಲ್ ಎಲ್ಲಿ ಬೀಸಿದ್ರಿ?"

ಆ ಪಂದ್ಯ ಹೀನಾಯವಾಗಿ ಸೋತೆವು. ನನಗೆ ರಾತ್ರಿ ಕಣ್ಣು ಮುಚ್ಚಿದರೆ ಕಂಬ ಕೀಳುವ ಟ್ರ್ಯಾಕ್ಟರೇ ಕಾಣುತ್ತಿತ್ತು. ಕೋಚ್ ತಂಗಿ ಮಾತ್ರ ನಕ್ಕು ಬರೆದರು: "ರೆಫ್ರಿ ಸೀಟಿ ಊದುವಾಗ ಕೈಯನ್ನೂ ಎತ್ತುತ್ತಾರೆ. ನಮ್ಮ ತಂಡ ಬೇರೆಯವರ ಜೊತೆ ಆಡುವಾಗ ಆ ಕೈ ನೋಡಿಯೇ ನಿಲ್ಲುತ್ತದೆ. ಕೈ ಎತ್ತಿದರೆ ನಿಲ್ಲಿ, ಇಲ್ಲದಿದ್ದರೆ ಆಡಿ. ಸೀಟಿಯ ವಿಚಾರ ಬಿಟ್ಟುಬಿಡಿ."

ಇಷ್ಟು ವರ್ಷ ಕೊರಳಲ್ಲಿ ಕಟ್ಟಿಕೊಂಡಿದ್ದನ್ನು ಬಿಟ್ಟುಬಿಡಿ ಎನ್ನುವುದೆಂದರೆ! ಆದರೂ ತಲೆಯಾಡಿಸಿದೆ.

ತೆಕ್ಕಲಕೋಟೆ ಬಸ್ಸು

ಸಂಕ್ರಾಂತಿಗೆ ಮುಂಚೆ ಇದ್ದದ್ದು ಸಿರುಗುಪ್ಪದ ಒಂದೇ ಟೂರ್ನಮೆಂಟು. ಸೋತವರು ಅಂದೇ ಮನೆಗೆ. ನಮ್ಮ ಪಾಲಿಗೆ ಬಂದದ್ದು ಸಿರುಗುಪ್ಪದ್ದೇ ತಂಡ. ಅಂಕಣ ಬಸ್‌ಸ್ಟ್ಯಾಂಡಿನ ಗೋಡೆಗೆ ಹತ್ತಿಕೊಂಡಿತ್ತು. ಅಧ್ಯಕ್ಷರೂ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. "ಕಂಬ ಕೀಳಾಕ ಆಳು ಹೇಳಿ ಬಂದೀನ್ರಿ ಮೇಡಂ. ನಾಳೆ ಮುಂಜಾನೆ ಬರ್ತಾರ," ಎಂದರು.

ಪಂದ್ಯ ಹಗ್ಗ ಜಗ್ಗಿದಂತೆ ಸಾಗಿತು. ಊರಿನವರೆಲ್ಲ ಅವರ ಕಡೆ, ತಮಟೆ ಬೇರೆ. ನಮ್ಮ ಕಡೆ ನಾನು, ಹೆಡ್‌ಮಾಸ್ಟರು, ಇಬ್ಬರು ಕೋಚ್‌ಗಳು. ಅವರಿಬ್ಬರಿಗೆ ತಮಟೆ ಕೇಳುವುದಿಲ್ಲ, ಹಾಗಾಗಿ ತಲೆ ಕೆಟ್ಟಿದ್ದು ನನಗೆ ಮತ್ತು ಹೆಡ್‌ಮಾಸ್ಟರಿಗೆ ಮಾತ್ರ. ಕೊನೆಗೆ ಬಂದಾಗ ನಾವು ಒಂದು ಪಾಯಿಂಟ್ ಹಿಂದೆ. ಚೆಂಡು ನಮ್ಮ ಕೈಯಲ್ಲಿ, ಉಳಿದದ್ದು ಕೆಲವೇ ಸೆಕೆಂಡು.

ಆಗ ಕಿವಿ ಕಿತ್ತುಹೋಗುವಂತೆ ಸೀಟಿ ಕೇಳಿತು.

ಸಿರುಗುಪ್ಪದ ಹುಡುಗಿಯರು ನಿಂತರು. ಒಬ್ಬಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು, ಇನ್ನೊಬ್ಬಳು ಬಗ್ಗಿ ದಾರ ಕಟ್ಟಿಕೊಂಡಳು. ನಮ್ಮ ಹುಡುಗಿಯರು ಒಂದು ಸಲ ರೆಫ್ರಿಯ ಕೈ ನೋಡಿದರು. ಕೈ ಕೆಳಗೇ ಇತ್ತು. ಗಲ್ಲದ ಗುಳಿಯವಳು ಪಾಸ್ ಕೊಟ್ಟಳು. ಅಧ್ಯಕ್ಷರ ಮೊಮ್ಮಗಳು ರಿಂಗಿನ ಕೆಳಗೆ ಒಬ್ಬಳೇ ಹಾರಿ, ಬುಟ್ಟಿಗೆ ಚೆಂಡು ಇಟ್ಟು ಬಂದಳು. ಅಷ್ಟರಲ್ಲಿ ಸಮಯ ಮುಗಿಯಿತು.

ಗಲಾಟೆಯೋ ಗಲಾಟೆ. "ಸೀಟಿ ಊದಿದ ಮ್ಯಾಲ ಹಾಕ್ಯಾರ್ರಿ!" ಎಂದು ಅವರ ಟೀಚರು ಓಡಿ ಬಂದರು.

ರೆಫ್ರಿ, "ನನ್ನ ಸೀಟಿ ನನ್ನ ಕೊಳ್ಳಾಗ ಜೋತಾಡಕತ್ತೈತಿ, ನೋಡ್ರಿ," ಎಂದರು.

ಎಲ್ಲರೂ ಗೋಡೆಯ ಕಡೆ ತಿರುಗಿದೆವು. ಗೋಡೆಯಾಚೆ ತೆಕ್ಕಲಕೋಟೆ ಬಸ್ಸಿನ ಕಂಡಕ್ಟರು ಸೀಟಿ ಹಿಡಿದು ಪಿಳಿಪಿಳಿ ನೋಡುತ್ತಿದ್ದರು. "ನಾನೇನ್ ಮಾಡ್ಲಿ ಯಪ್ಪಾ, ಬಸ್ ರಿವರ್ಸ್ ಬರಾಕತ್ತಿತ್ತು, ಹಿಂದ ಎಮ್ಮಿ ನಿಂತಿತ್ತು!"

ಬುಟ್ಟಿ ನಮ್ಮದಾಯಿತು. ಅಂಕಣ ನಮ್ಮದಾಯಿತು. ನಾನು ಅತ್ತುಬಿಟ್ಟೆ, ಈ ಸಲ ಮೆಣಸಿನಕಾಯಿ ಇಲ್ಲದೆಯೇ. ಹುಡುಗಿಯರು ಎರಡೂ ಕೈ ಮೇಲೆತ್ತಿ ತಿರುಗಿಸುತ್ತಿದ್ದರು. ನೋಡಿದರೆ ಅಧ್ಯಕ್ಷರೂ ಕುರ್ಚಿಯ ಮೇಲೆ ಹತ್ತಿ ನಿಂತು ಕೈ ತಿರುಗಿಸುತ್ತಿದ್ದಾರೆ! ಇಳಿದ ಮೇಲೆ ನೆನಪಾಗಿ ಮೊಮ್ಮಗಳನ್ನು ಕೇಳಿದರು: "ಅಲ್ಲವ್ವಾ, ಇನ್ನ ಕಾಯಿ ಎಲ್ಲಿ ಒಣಗಸ್ಲಿ?"

ಮನೆಯಲ್ಲಿ ತುಟಿ ಬಿಚ್ಚದವಳು ತಾತನ ಮುಖ ನೋಡಿ ಹೇಳಿದಳು: "ಮಾಳಿಗಿ ಮ್ಯಾಲ, ತಾತ. ಹೊತ್ತು ಹಾಕಾಕ ನಾ ಅದೀನಿ."

ನಡೆದದ್ದನ್ನೆಲ್ಲ ನಾನು ಕೋಚ್ ಅಣ್ಣನಿಗೆ ಬರೆದು ತಿಳಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಹುಡುಗಿಯರಿಗೆ ಮೊಬೈಲ್ ತೋರಿಸಿದರು: "ನಮಗೆ ಸೀಟಿ ಕೇಳುವುದಿಲ್ಲ, ಅದು ಸಹಜ. ಕಿವಿ ಚೆನ್ನಾಗಿದ್ದೂ ಸೀಟಿಗೆ ಒಂಚೂರೂ ಬೆದರದ ಹಾಗೆ ನಿಮ್ಮನ್ನು ಇಷ್ಟು ವರ್ಷ ಪಳಗಿಸಿದವರು ಯಾರು?"

ಇಡೀ ತಂಡ ಒಟ್ಟಿಗೆ ತುಟಿಗೆ ಎರಡು ಬೆರಳಿಟ್ಟು ಗಲ್ಲ ಉಬ್ಬಿಸಿತು.

ನನಗೆ ಎಲ್ಲಿತ್ತೋ ಸಿಟ್ಟು. ಸೀಟಿ ತೆಗೆದು, ಇದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಹುಡುಗಿಯರು ಒಬ್ಬರೂ ತಿರುಗಿ ನೋಡಲಿಲ್ಲ. ಬಸ್‌ಸ್ಟ್ಯಾಂಡ್ ಬಿಟ್ಟು ಹೊರಟಿದ್ದ ತೆಕ್ಕಲಕೋಟೆ ಬಸ್ಸು ಮಾತ್ರ ಕಿರ್ರೆಂದು ಬ್ರೇಕ್ ಹಾಕಿ ನಿಂತಿತು.